ಮೊದಲು ಪಂಚಾಂಗ, ಆಮೇಲೆ ಕ್ಯಾಮೆರಾ

ಹಕ್ಕಿ ಫೋಟೋ ತೆಗೆಯುವ ಹುಚ್ಚು ಹತ್ತಿದವರು ಮೊದಲು ವಿಚಾರಿಸುವುದು ಲೆನ್ಸಿನ ಸಂಗತಿ. ನಾನೂರು ಎಂಎಂ ಸಾಕೋ, ಸಾಲ ಮಾಡಿಯಾದರೂ ಆರುನೂರು ತರಬೇಕೋ ಅಂತ. ನಾನು ಹೇಳುವ ಉತ್ತರ ಅವರಿಗೆ ರುಚಿಸುವುದಿಲ್ಲ: ಮೊದಲು ಒಂದು ಪಂಚಾಂಗ ಕೊಳ್ಳಿ.

ಕುಮಟಾ ಹತ್ತಿರದ ಅಘನಾಶಿನಿ ಅಳಿವೆಗೆ ಹೋಗಿ ನೋಡಿ, ಅಲ್ಲಿ ನೀರು ನಡೆಯುವುದು ತಿಥಿ ನೋಡಿಕೊಂಡೇ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಭರತವೂ ಜೋರು, ಇಳಿತವೂ ಜೋರು. ಅಷ್ಟಮಿಗೆ ಎರಡೂ ಸಪ್ಪೆ. ದಿನ ಕಳೆದಂತೆ ಇಳಿತ ಸುಮಾರು ಎರಡು ಗಳಿಗೆ ಹಿಂದೆ ಬೀಳುತ್ತದೆ. ನೀರು ಇಳಿದರೆ ಕೆಸರು ತೆರೆದುಕೊಳ್ಳುತ್ತದೆ. ಕೆಸರು ತೆರೆದರೆ ಹುಳ, ಏಡಿ. ಅವುಗಳ ಹಿಂದೆಯೇ ಉಲ್ಲಂಕಿ, ಬೆಳ್ಳಕ್ಕಿ, ಚಳಿಗಾಲವಾದರೆ ಹಿಮಾಲಯದ ಆಚೆಯಿಂದ ಬಂದ ಮರಳು ಗೊರವಗಳು. ಭರತದ ಹೊತ್ತಿಗೆ ಹೋದವನಿಗೆ ಸಿಗುವುದು ಬರೀ ನೀರಿನ ಫೋಟೋ.

ಏಡಿಗಳಲ್ಲೊಂದು ಜಾತಿಯಿದೆ. ಗಂಡಿಗೆ ಒಂದು ಕೊಂಡಿ ಮೈಯಷ್ಟೇ ದೊಡ್ಡದು, ಇನ್ನೊಂದು ಕಡ್ಡಿಯಷ್ಟು. ದೊಡ್ಡದನ್ನು ಎತ್ತಿ ಇಳಿಸಿ ಹೆಣ್ಣನ್ನು ಕರೆಯುವುದು, ಚಿಕ್ಕದರಲ್ಲಿ ಕೆಸರು ಬಾಯಿಗೆ ಹಾಕಿಕೊಳ್ಳುವುದು. ಹೆಣ್ಣಿಗೆ ಎರಡೂ ಚಿಕ್ಕವು, ಹಾಗಾಗಿ ಊಟ ಅದರದ್ದೇ ಬೇಗ. ಹೊಟ್ಟೆಯ ಮೇಲೆ ಮಲಗಿ ಇದನ್ನು ತೆಗೆಯುವವನನ್ನು ಕಂಡರೆ ಬಳಚು ಚಿಪ್ಪು ಆರಿಸುವ ಹೆಂಗಸರಿಗೆ ನಗು. “ಎಂಥದು ಮಾರಾಯ್ರೆ, ಏಡಿಗೂ ಫೋಟೋ ಬೇಕಾ?”

ಆ ಹೆಂಗಸರ ಪಕ್ಕದಲ್ಲೇ ಬೆಳ್ಳಕ್ಕಿ ನಿರಾಳವಾಗಿ ಮೇಯುತ್ತಿರುತ್ತದೆ. ಬಗ್ಗಿ ಕೆಲಸ ಮಾಡುವವರು ಅದಕ್ಕೆ ಲೆಕ್ಕಕ್ಕಿಲ್ಲ. ಎಲೆ ಚಿತ್ತಾರದ ಮಿಲಿಟರಿ ಅಂಗಿ ತೊಟ್ಟು, ಕದ್ದು ಕದ್ದು ಹೆಜ್ಜೆ ಹಾಕುವ ನಮ್ಮಂಥವರನ್ನು ಕಂಡರೆ ಮಾತ್ರ ಹಾರುತ್ತದೆ. ಕದಿಯುವವನ ನಡಿಗೆ ಯಾರಿಗೆ ತಿಳಿಯದು?

ಇನ್ನು ಬೆಳಕು. ನಮ್ಮದು ಪಡುವಣ ಕಡಲು. ಬೆಳಿಗ್ಗೆ ಸೂರ್ಯ ಬೆನ್ನ ಹಿಂದೆ, ಹಕ್ಕಿಯ ಗರಿ ಗರಿಯೂ ಕಾಣುತ್ತದೆ. ಊರಿಗೆ ಊರೇ ಕ್ಯಾಮೆರಾ ಹಿಡಿದು ಬರುವುದು ಸಂಜೆಗೆ. ಆಗ ಗರುಡನೂ ಕಪ್ಪು, ಕಾಗೆಯೂ ಕಪ್ಪು.

ಟಿ. ಎನ್. ಎ. ಪೆರುಮಾಳ್, ಸಂಡೂರಿನ ಎಂ. ವೈ. ಘೋರ್ಪಡೆ ಇವರೆಲ್ಲ ರೀಲಿನ ಕಾಲದ ವನ್ಯಜೀವಿ ಛಾಯಾಗ್ರಾಹಕರು. ಘೋರ್ಪಡೆಯವರಂತೂ ರಾಜ್ಯದ ಹಣಕಾಸು ಮಂತ್ರಿಯೂ ಆಗಿದ್ದವರು. ಲೆಕ್ಕ ಹಾಕಿ ಖರ್ಚು ಮಾಡುವುದು ಅವರಿಗೆ ಎರಡೂ ಕಡೆ ಒದಗಿರಬೇಕು. ಒಂದು ರೀಲಿಗೆ 36 ಚಿತ್ರ ಅಂದರೆ ಗುಂಡಿ ಒತ್ತುವ ಮೊದಲು ನೋಡಲೇಬೇಕಿತ್ತು. ಈಗ ಒಂದು ಸೆಕೆಂಡಿಗೆ ಇಪ್ಪತ್ತು ಬೀಳುತ್ತವೆ. ನೋಡುವ ಕೆಲಸ ಮನೆಗೆ ಹೋದ ಮೇಲೆ, ಕಂಪ್ಯೂಟರಿನ ಮುಂದೆ.

ತಮಾಷೆ ಅಲ್ಲದ್ದು ಒಂದಿದೆ. ಹೊನ್ನಾವರದ ಕಾಸರಕೋಡಿನ ಮರಳಿನಲ್ಲಿ ಕಡಲಾಮೆ ಮೊಟ್ಟೆಯಿಡುತ್ತದೆ, ಒಂದು ಗೂಡಿಗೆ ನೂರರ ಆಸುಪಾಸು. ರಾತ್ರಿ ಹೊರಬಂದ ಮರಿ ಹೆಚ್ಚು ಬೆಳಕಿರುವ ಕಡೆಗೆ ತೆವಳುತ್ತದೆ. ಅದಕ್ಕೆ ಗೊತ್ತಿರುವ ಬೆಳಕು ಕಡಲಿನ ಮೇಲಿನ ಆಕಾಶದ್ದು. ನಮ್ಮ ಟಾರ್ಚು, ಫ್ಲ್ಯಾಶು ಅದನ್ನು ರಸ್ತೆಯ ಕಡೆ ತಿರುಗಿಸಬಲ್ಲವು. ಗೂಡಿನಲ್ಲಿರುವ ಹಕ್ಕಿ ಕಾಣಲೆಂದು ಅಡ್ಡದ ಕೊಂಬೆ ಕಡಿಯುವವರನ್ನೂ ಕಂಡಿದ್ದೇನೆ. ಬಿಸಿಲಿಗೆ, ಕಾಗೆಗೆ ಬಾಗಿಲು ತೆಗೆದುಕೊಟ್ಟ ಹಾಗೆ. ಅಂಥ ಚಿತ್ರಕ್ಕೆ ಪದಕ ಬಂದರೂ ನನ್ನ ಲೆಕ್ಕದಲ್ಲಿ ಅದು ಫೋಟೋ ಅಲ್ಲ.

ಈ ಕಡೆ ಬರುವುದಾದರೆ ಅಮಾವಾಸ್ಯೆ ಕಳೆದ ಪಾಡ್ಯ, ಬಿದಿಗೆಗೆ ಬನ್ನಿ. ಮಾಸಲು ಅಂಗಿ ಸಾಕು, ಫ್ಲ್ಯಾಶು ಮನೆಯಲ್ಲಿರಲಿ. ಅಷ್ಟಮಿಗೆ ಬಂದು, ಹಕ್ಕಿಯೇ ಇಲ್ಲವೆಂದು ನಮ್ಮ ಅಳಿವೆಯನ್ನು ಬೈಯಬೇಡಿ.