ಬಿಕಾಂ ಅಡುಗಿಮನಿ, ಭಾಗ 6: ಹಸಿರು ಪುಡಿ, ಸೀತಾಫಲ ಮತ್ತ ಒಂದು ಸುಳ್ಳು

ಮೊದಲ ಫೋಟೋ ನೋಡಿ ಕೆಫೆ ಅನ್ಕೋಬ್ಯಾಡ್ರಿ. ಅದು ಇಟಗಿಯ ನಮ್ಮ ಮನಿ ಕಟ್ಟಿ. ಸ್ಟೀಲ್ ಲೋಟ, ಹಿಂದ ಕಾಣೋದು ಅವ್ವನ ಹೊಲಿಗಿ ಮಷಿನ್. (ಮಹಾದೇವ ಗುಡಿ ಇರೋ ಕೊಪ್ಪಳ ಜಿಲ್ಲೆಯ ಇಟಗಿ ಅಲ್ರಿ, ಭೀಮಾಂಬಿಕಾ ದೇವಿ ಇರೋ ಗದಗ ಜಿಲ್ಲೆಯ ಇಟಗಿ. ಪ್ರತಿ ಸಲ ಕೇಳ್ತೀರಿ!)

ಲೋಟದಾಗ ಇರೋದು ಬೆಚ್ಚನೆಯ ಸೀತಾಫಲ ಮಾಚಾ ಲಾಟೆ.

ಪಿಯುಸಿ ಮುಗಿಸಿ ಹುಬ್ಬಳ್ಳಿ, ಬೆಂಗಳೂರಿಗೆ ಹೋದ ನಮ್ಮ ಹುಡುಗ್ಯಾರ ಸ್ಟೋರಿ ತೆಗೆದ್ರ ಸಾಕು, ಈ ಹಸಿರು ಲೋಟ. ನಾ ದಿನಾ ಬಸ್ಸಿಗೆ ಗಜೇಂದ್ರಗಡಕ್ಕ ಹೋಗಿ ಸಂಜಿಗೆ ಮನಿಗೆ ಬರಾಕಿ. ಹೊಟ್ಟಿಕಿಚ್ಚು ಅಂದ್ರೂ ನಡೀತೈತಿ. ಕೂಡಿಟ್ಟ ರೊಕ್ಕದಾಗ 30 ಗ್ರಾಂ ಡಬ್ಬಿ ಆನ್‌ಲೈನ್ ತರಿಸಿದೆ. 600 ರೂಪಾಯಿ.

"ಎಷ್ಟ ಕೊಟ್ಟಿ?" ಅಂದ್ಲು ಅವ್ವ.

"ನೂರೈವತ್ತು" ಅಂದೆ.

ಅವ್ವ ಒಂದು ಜಂಪರ್ ಹೊಲಿದ್ರ 100 ರೂಪಾಯಿ. ಅಂದ್ರ ಆ ಡಬ್ಬಿ ಆರು ಜಂಪರ್. ಆ ಲೆಕ್ಕ ಗೊತ್ತಿದ್ದಕ್ಕ ಬಾಯಿಂದ ಸುಳ್ಳು ಬಂತು.

ಮಾಚಾ ಅಂದ್ರ ಬ್ಯಾರೆ ಏನಲ್ಲ, ಚಹಾ ಎಲಿನ. ಜಪಾನಿನಾಗ ಎಲಿ ಕೊಯ್ಯೋಕ್ಕಿಂತ ಸುಮಾರು ಮೂರು ವಾರ ಮೊದಲು ಗಿಡಕ್ಕ ನೆರಳು ಮಾಡ್ತಾರ. ಎಲಿ ಕಡುಹಸಿರಾಗ್ತಾವ. ಆಮ್ಯಾಲೆ ಹಬೆಯಾಡಿಸಿ, ಒಣಗಿಸಿ, ದಂಟು ತೆಗೆದು ಬೀಸೋ ಕಲ್ಲಿನಾಗ ನುಣ್ಣಗ ಬೀಸ್ತಾರ. ಇದನ್ನ ಸೋಸಿ ಚೆಲ್ಲೋದಿಲ್ಲ, ಎಲಿನ ಕುಡೀತೀವಿ.

ಮೊದಲ ಲೋಟ: ನಮ್ಮ ಚಾ ಕುದಿಸಿದಂಗ ಕುದಿಸಿದೆ. ಗಂಟು, ಮ್ಯಾಲೆ ಕಹಿ.

ಎರಡನೇ ಲೋಟ: ಸಂತಿಯಿಂದ ತಂದ ಸೀತಾಫಲದ ತಿರುಳು ಹಾಲಿಗೆ ಹಾಕಿ ಕುದಿಸಿದೆ. ಮತ್ತ ಕಹಿ. ತಪ್ಪು ಮಾಚಾದ್ದು ಅನ್ಕೊಂಡೆ. ಬರೇ ಹಾಲು ರುಚಿ ನೋಡಿದ್ರ ಅದೂ ಕಹಿ! ಬಿಸಿ ಹೆಚ್ಚಾದ್ರ ಸೀತಾಫಲ ಕಹಿ ಆಗ್ತೈತಿ. ರಬಡಿ ಮಾಡೋರು ಹಾಲು ಆರಿದ ಮ್ಯಾಲೆ ಹಣ್ಣು ಹಾಕೋದು ಅದಕ್ಕ.

ಚೆಲ್ಲಾಕ ಹೊಂಟಿದ್ದೆ. ಅವ್ವ ಕೈಯಿಂದ ಕಸಗೊಂಡು, "ನೂರೈವತ್ತು ರೂಪಾಯಿದ್ದು, ಚೆಲ್ಲತಾರೇನು?" ಅಂತ ಪೂರಾ ಲೋಟ ಕುಡಿದ್ಲು. ಮುಖ ಕಿವುಚಿಕೊಂಡು. ನನಗ ನಿಂತಲ್ಲೇ ನಾಚಿಕಿ ಆತು.

ಮೂರನೇದು ಸರಿ ಬಂತು. ನೀವೂ ಮಾಡೋದಾದ್ರ ಹಿಂಗ ಮಾಡ್ರಿ:

ಅರ್ಧ ಸೀತಾಫಲದ ತಿರುಳು ಬೀಜ ತೆಗೆದು ಲೋಟದ ತಳಕ್ಕ ಹಾಕ್ರಿ. ಬೀಜ ಒಂದೂ ಉಳೀಬಾರದು, ಮಿಕ್ಸರ್‌ಗಂತೂ ಬೀಜ ಬೀಳಬಾರದು, ಅದು ವಿಷ. ನೀರು ಕುದಿಸಿ, ಇಳಿಸಿ, ಐದು ನಿಮಿಷ ಬಿಡ್ರಿ. 2 ಗ್ರಾಂ ಮಾಚಾ (ಸಣ್ಣ ಚಮಚೆ ಒಂದು) ಚಾ ಸೋಸಣಿಗೆಯಿಂದ ಜರಡಿ ಹಿಡಿದು, ಕಾಲು ಲೋಟ ಆ ನೀರು ಹಾಕಿ, ಸಣ್ಣ ಕಡಗೋಲಿನಿಂದ ನೊರೆ ಬರೂತನಕ ಕಡೀರಿ. ಬಿದಿರಿನ ಬ್ರಷ್ ಬೇಕಿಲ್ಲ. ಕಾಸಿಟ್ಟ ಹಾಲು 150 ಎಂಎಲ್ ಬೆಚ್ಚಗ ಮಾಡ್ರಿ, ಬಟ್ಟು ಅದ್ದಿದ್ರ ತಡಕೊಳ್ಳೂವಷ್ಟ. ಮೊದಲು ಹಾಲು, ಆಮ್ಯಾಲೆ ಮಾಚಾ. ಸಕ್ಕರಿ ಬ್ಯಾಡ, ಹಣ್ಣಿನ ಸಿಹಿ ಸಾಕು.

ಖರ್ಚು: ಮಾಚಾ 40, ಹಾಲು 8, ಹಣ್ಣು 10. ಒಟ್ಟು 58. ಕೆಟ್ಟ ಎರಡು ಲೋಟ ಅಬ್‌ನಾರ್ಮಲ್ ಲಾಸ್, ಅದನ್ನ ಇದರಾಗ ಕೂಡ್ಸಂಗಿಲ್ಲ. (ಕಾಸ್ಟಿಂಗ್ ಮೇಡಂ ನೋಡ್ತಿದ್ರ ನಮಸ್ಕಾರ ರೀ 🙏)

ಮೂರನೇ ಲೋಟ ಅವ್ವಗ ಕೊಟ್ಟೆ. ತಳದ ಸೀತಾಫಲ ಚಮಚೆಲೆ ಕೆರೆದು ತಿಂದ್ಲು. ಆಗ ಹೇಳಿದೆ: "ಅವ್ವಾ, ಅದು ನೂರೈವತ್ತಲ್ಲ, ಆರುನೂರು."

ಏನೂ ಅನ್ನಲಿಲ್ಲ. ಹೋಗಿ ಮಷಿನ್ ಮುಂದ ಕುಂತ್ಲು. ಒಂದು ತೋಳು ಹೊಲಿದು ಮುಗಿಯೂತನಕ ಮಾತಿಲ್ಲ. ಬೈದಿದ್ರ ಛಲೋ ಇತ್ತು ಅನಿಸ್ತು.

ಆಮ್ಯಾಲೆ ಕೇಳಿದ್ಲು, "ಇನ್ನ ಎಷ್ಟ ಲೋಟ ಆಗ್ತಾವ?"

"ಹನ್ನೆರಡು."

"ಹಂಗಾರ ಕೆಡಸಬ್ಯಾಡ. ಮತ್ತ ರೇಟು ಸುಳ್ಳು ಹೇಳಬ್ಯಾಡ."

ಡಬ್ಬಿ ಈಗ ಮ್ಯಾಲಿನ ಮಾಡದಾಗ, ಯಾಲಕ್ಕಿ ಡಬ್ಬಿ ಪಕ್ಕ. ಬೇಕಾದ್ರ ಕೇಳಿ ಇಸಗೋಬೇಕು. ಕಡೆ ಫೋಟೋದಾಗ ಐತಿ, ಸ್ವೈಪ್ ಮಾಡ್ರಿ.

ನೀವು ಮನ್ಯಾಗ ಯಾವುದರ ರೇಟು ಕಡಿಮಿ ಹೇಳೀರಿ? ಕಮೆಂಟಿನಾಗ ಒಪ್ಪಿಕೊಳ್ರಿ. ನಾ ಅಂತೂ ಒಪ್ಪಿಕೊಂಡೆ.

#ಇಟಗಿ #ಬಿಕಾಂಅಡುಗಿಮನಿ #ಸೀತಾಫಲಮಾಚಾ