ಕಾಡುರೇಷ್ಮೆಯ ಪತಂಗ

ಗಜೇಂದ್ರಗಡದ ಗುಡ್ಡದಲ್ಲಿ, ಬೇಸಿಗೆಗೆ ಎಲೆಯುದುರಿದ ಬೋರೆಗಿಡವೊಂದರ ಕೊಂಬೆಗೆ ಕಾಯಿಯಂಥ ಗಟ್ಟಿ ಗೂಡೊಂದು ತೊಟ್ಟಿನಿಂದ ಜೋತುಬಿದ್ದಿರುವುದನ್ನು ಕಂಡೆನು. ಅದು ಟಸಾರ್ ಎಂಬ ಕಾಡುರೇಷ್ಮೆ ಪತಂಗದ ಮನೆ. ಮಳೆ ಬರುವವರೆಗೆ ಕೋಶವು ಅದರೊಳಗೆ ನಿದ್ರಿಸುತ್ತದೆ.

ಹೊರಬಂದ ಪತಂಗವು ಏನನ್ನೂ ಉಣ್ಣದು. ಉಣ್ಣಬಲ್ಲ ಬಾಯಿ ಅದಕ್ಕಿಲ್ಲ. ಹುಳುವಾಗಿದ್ದಾಗ ತಿಂದ ಎಲೆಯ ಬಲದಿಂದಲೇ ಕೆಲವು ದಿನ ಬದುಕುತ್ತದೆ. ಗಂಡು ತನ್ನ ಗರಿಯಂಥ ಕುಡಿಮೀಸೆಗಳಿಂದ ಹೆಣ್ಣಿನ ಗಂಧವನ್ನರಸಿ ಬರುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಮಡಿಯುತ್ತದೆ. ದಕ್ಷಿಣ ಅಮೆರಿಕದಲ್ಲಿರುವ ಇದರ ಬಂಧು ರಾತ್‌ಶೀಲ್ಡಿಯಾ ಪತಂಗದ ಬಾಳೂ ಹೀಗೆಯೇ. ಎರಡರ ರೆಕ್ಕೆಗಳಲ್ಲಿಯೂ ಗಾಜಿನಂಥ ಪಾರದರ್ಶಕ ಕಿಟಕಿಗಳುಂಟು.

ಹಿಪ್ಪುನೇರಳೆಯ ಹುಳುವನ್ನು ಮನುಷ್ಯನು ಸಾಕುತ್ತಾನೆ. ಈ ಹುಳುವಿಗೆ ಗಿಡವೇ ತಾಯಿ. ಒಣಗಿತೆಂದು ತಿಳಿದು ಅದನ್ನು ಕಟ್ಟಿಗೆಗಾಗಿ ಕಡಿದರೆ, ಮುಂದಿನ ಮಳೆಗಾಲದ ರೆಕ್ಕೆಗಳೂ ಒಲೆಯನ್ನು ಸೇರುತ್ತವೆ. ಕೊಡಲಿ ಎತ್ತುವ ಮುನ್ನ ಕೊಂಬೆಯನ್ನೊಮ್ಮೆ ನೋಡಬೇಕು.