‘ತೆಹಾನು’: ನಾಲ್ಕನೆಯ ಪುಸ್ತಕ ಮತ್ತು ಓದುಗರ ಭಿನ್ನಮತ

ಉರ್ಸುಲಾ ಕೆ. ಲೆ ಗ್ವಿನ್ ಅವರ ಅರ್ಥ್‌ಸೀ ಸರಣಿಯನ್ನು ಓದುಗರು ಹದಿನೆಂಟು ವರ್ಷಗಳ ಕಾಲ ಮೂರು ಪುಸ್ತಕಗಳ ಸರಣಿ ಎಂದೇ ತಿಳಿದಿದ್ದರು. ‘ಎ ವಿಜರ್ಡ್ ಆಫ್ ಅರ್ಥ್‌ಸೀ’ 1968ರಲ್ಲಿ, ‘ದಿ ಟೂಮ್ಸ್ ಆಫ್ ಅಟುವಾನ್’ 1971ರಲ್ಲಿ, ‘ದಿ ಫಾರ್ದೆಸ್ಟ್ ಶೋರ್’ 1972ರಲ್ಲಿ ಪ್ರಕಟವಾದವು. ಬಾಲಕನೊಬ್ಬ ಮಾಂತ್ರಿಕನಾದದ್ದು, ಬಾಲಕಿಯೊಬ್ಬಳು ಕತ್ತಲ ಗುಡಿಯಿಂದ ಹೊರಬಂದದ್ದು, ಮುದಿಯಾಗುತ್ತಿದ್ದ ಮಾಂತ್ರಿಕ ಸಾವಿನ ನಾಡಿಗೆ ಹೋಗಿ ಮರಳಿದ್ದು ಇವು ಆ ಮೂರರ ಕಥೆ. ಹುಟ್ಟು, ಬೆಳವಣಿಗೆ, ಅವಸಾನಗಳ ವೃತ್ತ ಪೂರ್ಣವಾಯಿತೆಂದು ಎಲ್ಲರೂ ಭಾವಿಸಿದ್ದರು. 1990ರಲ್ಲಿ ‘ತೆಹಾನು’ ಬಂದಿತು. ಮರುವರ್ಷ ಅದಕ್ಕೆ ನೆಬ್ಯುಲಾ ಪ್ರಶಸ್ತಿಯೂ ಲೋಕಸ್ ಪ್ರಶಸ್ತಿಯೂ ದೊರೆತವು. ಆದರೆ ಪ್ರಶಸ್ತಿಗಳಿಂದ ಓದುಗರ ನಡುವಿನ ಜಗಳ ಮುಗಿಯಲಿಲ್ಲ. ಆ ಜಗಳ ಇಂದಿಗೂ ತಣ್ಣಗಾಗಿಲ್ಲ.

ಪರಿಚಯವಿಲ್ಲದವರಿಗಾಗಿ ಆ ಲೋಕದ ಕುರಿತು ಎರಡು ಮಾತು. ಅರ್ಥ್‌ಸೀ ಎಂಬುದು ದ್ವೀಪಗಳ ಜಗತ್ತು. ಅಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ನಿಜನಾಮವಿದೆ. ಅದನ್ನು ಬಲ್ಲವನಿಗೆ ಆ ವಸ್ತುವಿನ ಮೇಲೆ ಅಧಿಕಾರವಿದೆ. ಆ ವಿದ್ಯೆಯನ್ನು ಕಲಿಸುವ ಗುರುಕುಲ ರೋಕ್ ದ್ವೀಪದಲ್ಲಿದೆ. ಅಲ್ಲಿ ಕಲಿಸುವವರೂ ಕಲಿಯುವವರೂ ಗಂಡಸರೇ. ಹೆಂಗಸರ ಮಾಟ ದುರ್ಬಲವೆಂದೂ ಕೆಟ್ಟದ್ದೆಂದೂ ಹೇಳುವ ಲೋಕೋಕ್ತಿ ಗಾಂಟ್ ದ್ವೀಪದ ಜನರ ನಾಲಗೆಯ ಮೇಲೆ ಮೊದಲ ಪುಸ್ತಕದಲ್ಲಿಯೇ ಇದೆ. 1968ರ ಆ ಕಾದಂಬರಿಯಲ್ಲಿ ಲೆ ಗ್ವಿನ್ ನಾಯಕನಾದ ಗೆಡ್‌ನನ್ನು ಕಂದು ಮೈಬಣ್ಣದವನನ್ನಾಗಿಯೂ, ದಂಡೆತ್ತಿ ಬರುವ ಕಾರ್ಗಿಷ್ ಜನರನ್ನು ಬಿಳಿಯರನ್ನಾಗಿಯೂ ಚಿತ್ರಿಸಿದ್ದರು. ಆ ಕಾಲದ ಫ್ಯಾಂಟಸಿಯಲ್ಲಿ ಅದು ಸಣ್ಣ ಸಾಹಸವಲ್ಲ. ಬಣ್ಣದ ರೂಢಿಯನ್ನು ಹೀಗೆ ಸದ್ದಿಲ್ಲದೆ ಮುರಿದ ಲೇಖಕಿ ಹೆಣ್ಣು-ಗಂಡಿನ ರೂಢಿಯನ್ನು ಮಾತ್ರ ಇದ್ದಹಾಗೆಯೇ ಬಿಟ್ಟಿದ್ದರು. ಗಮನಿಸಿದವರು ಆಗ ಬಹಳ ಮಂದಿ ಇರಲಿಲ್ಲ.

ಎರಡನೆಯ ಪುಸ್ತಕದ ನಾಯಕಿ ತೆನಾರ್. ಅಟುವಾನ್‌ನ ಗೋರಿಗಳಲ್ಲಿ ಹೆಸರಿಲ್ಲದ ಶಕ್ತಿಗಳಿಗೆ ಅರ್ಪಿತಳಾಗಿದ್ದ ಅರ್ಚಕಿ ಅವಳು. ಗೆಡ್ ಮತ್ತು ಅವಳು ಜೊತೆಗೂಡಿ ಆ ಕತ್ತಲೆಯಿಂದ ಹೊರಬಂದು, ಎರೆತ್-ಆಕ್ಬೆಯ ಉಂಗುರವನ್ನು ಹ್ಯಾವ್ನರ್ ನಗರಕ್ಕೆ ತರುತ್ತಾರೆ. ಜನ ಹರ್ಷೋದ್ಗಾರ ಮಾಡುತ್ತಾರೆ, ಪುಸ್ತಕ ಮುಗಿಯುತ್ತದೆ. ಮೂರನೆಯ ಪುಸ್ತಕದಲ್ಲಿ ಅವಳು ಕಾಣಿಸಿಕೊಳ್ಳುವುದೇ ಇಲ್ಲ. ಅಷ್ಟು ದೊಡ್ಡ ಕತ್ತಲೆಯನ್ನು ದಾಟಿ ಬಂದ ಹುಡುಗಿ ಬೆಳಕಿನಲ್ಲಿ ಏನು ಮಾಡಿದಳು? ‘ತೆಹಾನು’ ಹುಟ್ಟಿದ್ದು ಈ ಪ್ರಶ್ನೆಯಿಂದ. ಉತ್ತರವೂ ಅನಿರೀಕ್ಷಿತವೇ: ಅವಳು ಓಗಿಯನ್ ಎಂಬ ಮಹಾಮಾಂತ್ರಿಕನ ಶಿಷ್ಯವೃತ್ತಿಯನ್ನು ಒಲ್ಲೆನೆಂದು ಬಿಟ್ಟು, ಒಬ್ಬ ರೈತನನ್ನು ಮದುವೆಯಾಗಿ, ಇಬ್ಬರು ಮಕ್ಕಳನ್ನು ಹೆತ್ತು, ಈಗ ವಿಧವೆಯಾಗಿದ್ದಾಳೆ. ಅಲೆಮಾರಿಗಳು ಬೆಂಕಿಗೆ ನೂಕಿ ಬಿಟ್ಟುಹೋದ, ಅರ್ಧ ಮುಖ ಸುಟ್ಟುಹೋದ ಒಂದು ಹೆಣ್ಣುಮಗುವನ್ನು ಮನೆಗೆ ತಂದು ಸಾಕುತ್ತಿದ್ದಾಳೆ. ಪುಸ್ತಕದ ಬಹುಭಾಗ ನಡೆಯುವುದು ಅಡುಗೆಮನೆ, ಹಿತ್ತಲು, ಆಡುಗಳ ದೊಡ್ಡಿ, ಹಳ್ಳಿಯ ದಾರಿಗಳಲ್ಲಿ. ಉಂಡ ತಟ್ಟೆಯನ್ನು ತೊಳೆಯುವ ಕೆಲಸ ಯಾರದು ಎಂಬುದರ ಮೇಲೆ ತಾಯಿಗೂ ಮಗನಿಗೂ ಮಾತಿಗೆ ಮಾತು ಬೆಳೆಯುವ ಒಂದು ಸನ್ನಿವೇಶವಿದೆ. ಸಮುದ್ರಯಾನ, ಡ್ರ್ಯಾಗನ್, ಮಂತ್ರಯುದ್ಧಗಳಿಗಾಗಿ ಹದಿನೆಂಟು ವರ್ಷ ಕಾದವರಿಗೆ ಇದು ಹೇಗೆ ಕಂಡಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಅವರ ಅಸಮಾಧಾನದ ಕೇಂದ್ರದಲ್ಲಿರುವುದು ಗೆಡ್‌ನ ಸ್ಥಿತಿ. ನಾಲ್ಕನೆಯ ಪುಸ್ತಕದಲ್ಲಿ ಅವನು ಮಾಂತ್ರಿಕನಲ್ಲ. ಡ್ರ್ಯಾಗನ್ ಬೆನ್ನಿನ ಮೇಲೆ ಜೀವಚ್ಛವದಂತೆ ಬಂದಿಳಿಯುತ್ತಾನೆ, ತೆನಾರ್ ಆರೈಕೆ ಮಾಡುತ್ತಾಳೆ. ತನ್ನನ್ನು ಗೌರವಿಸಲು ರಾಜನ ಕಡೆಯವರು ಬಂದಾಗ ನಾಚಿಕೆಯಿಂದ ಅಡಗಿಕೊಳ್ಳುತ್ತಾನೆ. ಬೆಟ್ಟದ ಮೇಲೆ ಆಡು ಕಾಯುತ್ತಾನೆ. ತಮ್ಮ ಬಾಲ್ಯದ ನಾಯಕನನ್ನು ಲೇಖಕಿ ಒಂದು ಸಿದ್ಧಾಂತಕ್ಕಾಗಿ ಬಲಿಕೊಟ್ಟರೆಂದು ಹಲವರು ದೂರಿದರು. ಸ್ತ್ರೀವಾದವನ್ನು ಹೊರಗಿನಿಂದ ತಂದು ಈ ಲೋಕದ ಮೇಲೆ ಹೊರಿಸಲಾಗಿದೆ ಎಂಬುದು ದೂರಿನ ಸಾರ.

ಈ ದೂರು ಪಠ್ಯದ ಎದುರು ನಿಲ್ಲುವುದಿಲ್ಲ. ಗೆಡ್ ತನ್ನ ಶಕ್ತಿಯನ್ನು ಕಳೆದುಕೊಂಡದ್ದು 1972ರ ಪುಸ್ತಕದಲ್ಲಿ, 1990ರದರಲ್ಲಿ ಅಲ್ಲ. ಸಾವಿನ ನಾಡಿನಲ್ಲಿ ತೆರೆದುಕೊಂಡಿದ್ದ ಬಿರುಕನ್ನು ಮುಚ್ಚಲು ಅವನು ತನ್ನ ಸಮಸ್ತ ವಿದ್ಯೆಯನ್ನೂ ಅಲ್ಲಿಯೇ ವ್ಯಯಿಸಿಬಿಡುತ್ತಾನೆ. ಇನ್ನೊಂದು ಸಂಗತಿಯನ್ನು ಸಾಹಿತ್ಯದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ‘ದಿ ಫಾರ್ದೆಸ್ಟ್ ಶೋರ್’ ಕೃತಿಗೆ ಎರಡು ಮುಕ್ತಾಯಗಳಿವೆ. ವೀರಗೀತೆಯ ಪ್ರಕಾರ ಗೆಡ್ ಹೊಸ ರಾಜನ ಪಟ್ಟಾಭಿಷೇಕಕ್ಕೆ ಬಂದು, ನಂತರ ತನ್ನ ಪುಟ್ಟ ದೋಣಿಯಲ್ಲಿ ಒಬ್ಬನೇ ಪಡುವಣ ಕಡಲಿಗೆ ಹೊರಟುಹೋದನು. ಗಾಂಟ್ ದ್ವೀಪದವರ ಕಥೆ ಬೇರೆ: ರಾಜನೇ ಅವನನ್ನು ಅರಸಿ ಅಲ್ಲಿಗೆ ಬಂದನು, ಗೆಡ್ ಸಿಗಲಿಲ್ಲ, ಕಾಲ್ನಡಿಗೆಯಲ್ಲಿ ಬೆಟ್ಟದ ಕಾಡಿನೊಳಕ್ಕೆ ಹೋದನೆಂದಷ್ಟೇ ಜನ ಹೇಳಿದರು. ಒಂದು ಮಾರ್ಗದ ಪಾಠ, ಇನ್ನೊಂದು ದೇಶಿ ಪಾಠ ಎನ್ನಬಹುದು. ಓದುಗರು ಮೊದಲನೆಯದನ್ನು ನೆನಪಿಟ್ಟುಕೊಂಡರು. ಲೆ ಗ್ವಿನ್ ಎರಡನೆಯದರ ಜಾಡು ಹಿಡಿದರು. ಹಸ್ತಪ್ರತಿಗಳ ಪಾಠಾಂತರಗಳೊಡನೆ ಹೆಣಗಿದವರಿಗೆ ಇದು ಅಪರಿಚಿತ ವ್ಯವಹಾರವಲ್ಲ. ಅಡಿಟಿಪ್ಪಣಿಗೆ ಇಳಿದ ಪಾಠವೇ ಕೆಲವೊಮ್ಮೆ ಮೂಲಕ್ಕೆ ಹತ್ತಿರವಿರುತ್ತದೆ.

ಕಾಲದ ಲೆಕ್ಕವೂ ಇಲ್ಲಿ ಕುತೂಹಲಕರವಾಗಿದೆ. ಡ್ರ್ಯಾಗನ್ ಕಲೆಸ್ಸಿನ್ ರೋಕ್ ದ್ವೀಪದಲ್ಲಿ ಯುವರಾಜನನ್ನು ಇಳಿಸಿ ಗೆಡ್‌ನನ್ನು ಹೊತ್ತು ಗಾಂಟ್ ಕಡೆಗೆ ಹಾರುವುದರೊಂದಿಗೆ ಮೂರನೆಯ ಪುಸ್ತಕದ ಕಥೆ ಕೊನೆಗೊಳ್ಳುತ್ತದೆ. ನಾಲ್ಕನೆಯದರಲ್ಲಿ ಅದೇ ಡ್ರ್ಯಾಗನ್ ಅದೇ ಹಾರಾಟದ ಕೊನೆಗೆ ಗಾಂಟ್‌ನ ಬಂಡೆಯ ಮೇಲೆ ಇಳಿಯುತ್ತದೆ. ಓದುಗರಿಗೆ ಹದಿನೆಂಟು ವರ್ಷ, ಗೆಡ್‌ಗೆ ಒಂದು ಹಾರಾಟ. ಈ ನಡುವೆ ಓದುಗರ ಮನಸ್ಸಿನಲ್ಲಿ ಆ ಹಾರಾಟವೇ ಅವನ ಅಂತಿಮ ಚಿತ್ರವಾಗಿ ನಿಂತಿತ್ತು. ಎಲ್ಲವನ್ನೂ ಕೊಟ್ಟು ಬಂದವನು ಮರುದಿನ ಬೆಳಗ್ಗೆ ಏನು ಮಾಡುತ್ತಾನೆಂದು ಯೋಚಿಸುವ ಅಗತ್ಯ ಅವರಿಗೆ ಬಿದ್ದಿರಲಿಲ್ಲ. ತ್ಯಾಗವನ್ನು ಮೆಚ್ಚುವುದು ಸುಲಭ, ತ್ಯಾಗ ಮಾಡಿದವನೊಡನೆ ಬಾಳುವುದು ಕಷ್ಟ. ಆ ಕಷ್ಟದ ಪಾಲು ತೆನಾರ್‌ಗೆ ಬಂದಿತು.

ಮೆಚ್ಚಿದವರೆಲ್ಲ ಒಂದೇ ಕಾರಣಕ್ಕೆ ಮೆಚ್ಚಲಿಲ್ಲ, ಮೆಚ್ಚದವರೆಲ್ಲ ಒಂದೇ ಪಂಗಡದವರೂ ಅಲ್ಲ. ಸ್ತ್ರೀವಾದಿ ಓದುಗರಲ್ಲಿಯೇ ಅತೃಪ್ತರಿದ್ದರು. ಅವರ ತಕರಾರು ಮೊದಲಿನವರದಕ್ಕೆ ತದ್ವಿರುದ್ಧ: ರೋಕ್‌ನ ಬಾಗಿಲು ಹೆಣ್ಣಿಗೆ ತೆರೆಯುವುದನ್ನು ನೋಡಬಯಸಿದವರಿಗೆ, ಹಟ್ಟಿ ಗುಡಿಸುವ ವಿಧವೆ ಸಾಲದಾದಳು. ಮಾಟಗಾತಿ ಮಾಸ್ ಮತ್ತು ತೆನಾರ್ ನಡುವೆ ಹೆಣ್ಣಿನ ಶಕ್ತಿಯ ಕುರಿತು ನಡೆಯುವ ಸಂಭಾಷಣೆಗಳು ಅವರಿಗೆ ಅಸ್ಪಷ್ಟವೆನಿಸಿದವು. ವಾಸ್ತವವಾಗಿ ತೆನಾರ್ ಆ ಸಂಭಾಷಣೆಗಳಲ್ಲಿ ಮಾಸ್‌ಳ ಮಾತನ್ನು ಪೂರ್ತಿ ಒಪ್ಪುವುದೂ ಇಲ್ಲ. ಸಿದ್ಧಾಂತವನ್ನು ಮಂಡಿಸಹೊರಟ ಪುಸ್ತಕದಲ್ಲಿ ಇಷ್ಟೊಂದು ಉತ್ತರವಿಲ್ಲದ ಪ್ರಶ್ನೆಗಳಿರುವುದಿಲ್ಲ. ರೋಕ್‌ನ ಗುರುಗಳು ಹೊಸ ಮಹಾಗುರುವನ್ನು ಆರಿಸಲು ಕೂಡಿದಾಗ ಅವರಲ್ಲೊಬ್ಬನ ಬಾಯಿಂದ ಗಾಂಟ್‌ನ ಒಬ್ಬ ಹೆಂಗಸಿನ ಪ್ರಸ್ತಾಪ ಬರುತ್ತದೆ. ಹೆಂಗಸೇ ಆ ಸ್ಥಾನಕ್ಕೆ ಸಲ್ಲಬಹುದೆಂದು ಗುರುಗಳಿಗೆ ತೋಚುವುದೇ ಇಲ್ಲ; ಆ ಹೆಂಗಸು ಯಾವನೋ ಗಂಡಸಿನ ಗುರುತು ಹೇಳಬಹುದೆಂದು ಅವಳನ್ನು ಹುಡುಕಲು ಹೊರಡುತ್ತಾರೆ. ಈ ವ್ಯಂಗ್ಯ ಇಡೀ ಕೃತಿಯಲ್ಲಿ ಅತ್ಯಂತ ಹರಿತವಾದದ್ದು. ಅದನ್ನು ಲೇಖಕಿ ದನಿ ಏರಿಸದೆ ಹೇಳಿದ್ದಾರೆ.

ಬರೆದು ಮುಗಿಸಿದ್ದರ ಮೇಲೆ ಮತ್ತೆ ಬರೆಯುವ ಲೆ ಗ್ವಿನ್ ಅವರ ರೀತಿಗೆ ಇನ್ನೊಂದು ನಿದರ್ಶನವಿದೆ. ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಕಾದಂಬರಿಯ ಕುರಿತು 1976ರಲ್ಲಿ ಅವರು ಒಂದು ಪ್ರಬಂಧ ಬರೆದಿದ್ದರು. ಮುಂದೆ ಅದರ ಹಲವು ಮಾತುಗಳು ಅವರಿಗೇ ಒಪ್ಪಿಗೆಯಾಗದೆ ಹೋದವು. ಆಗ ಅವರು ಹಳೆಯದನ್ನು ತಿದ್ದಿ ಅಳಿಸಲಿಲ್ಲ. ಮೂಲವನ್ನು ಇದ್ದಂತೆಯೇ ಇರಿಸಿ, ಅದರ ಜೊತೆಯಲ್ಲಿಯೇ ಹೊಸ ಟಿಪ್ಪಣಿಗಳನ್ನು ಸೇರಿಸಿ 1989ರ ಪ್ರಬಂಧ ಸಂಕಲನದಲ್ಲಿ ಮುದ್ರಿಸಿದರು. ಮುಂದಿನ ವರ್ಷವೇ ‘ತೆಹಾನು’ ಬಂದಿತು. ಅದನ್ನೂ ಇಂಥದೇ ಒಂದು ಟೀಕೆಯೆಂದು ಓದಬಹುದು: ಮೊದಲ ಮೂರರ ಒಂದು ಅಕ್ಷರವನ್ನೂ ಬದಲಿಸದೆ ಅವುಗಳ ಪಕ್ಕದಲ್ಲಿ ಇರಿಸಿದ ಟೀಕೆ. 1992ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ನೀಡಿದ ಉಪನ್ಯಾಸದಲ್ಲಿ ಅವರು ವೀರಕಥೆಯ ಪರಂಪರೆ ಗಂಡಿನದಾಗಿತ್ತೆಂದೂ, ಮೊದಲ ಪುಸ್ತಕಗಳನ್ನು ತಾವು ಆ ಪರಂಪರೆಯ ಒಳಗೆ ನಿಂತೇ ಬರೆದಿದ್ದೆವೆಂದೂ ವಿವರಿಸಿದರು. ನಮ್ಮಲ್ಲಿ ಉತ್ತರಕಾಂಡದ ಕುರಿತ ವಾದ ಹಳೆಯದು. ಅದು ಬೇರೆ ಕೈಯದೆಂದು ಹಲವು ವಿದ್ವಾಂಸರು ಹೇಳಿರುವುದರಿಂದ, ಒಪ್ಪದವರಿಗೆ ಅದನ್ನು ಪ್ರಕ್ಷಿಪ್ತವೆಂದು ಬದಿಗಿಡುವ ಸೌಕರ್ಯವಿದೆ. ಅರ್ಥ್‌ಸೀ ಓದುಗರಿಗೆ ಆ ಸೌಕರ್ಯವಿರಲಿಲ್ಲ. ಕೈ ಒಂದೇ. ಹೆಚ್ಚೆಂದರೆ, 1972ರ ಲೇಖಕಿ ಮತ್ತು 1990ರ ಲೇಖಕಿ ಒಬ್ಬರೇ ಅಲ್ಲವೆಂದು ಅವರು ವಾದಿಸಬಹುದಿತ್ತು. ಕೆಲವರು ಹಾಗೆಯೇ ವಾದಿಸಿದರು.

ಕೃತಿಯಲ್ಲಿ ದೋಷವಿಲ್ಲವೆಂದಲ್ಲ. ಆದರೆ ಅದು ದೂರುಗಾರರು ಬೊಟ್ಟುಮಾಡಿದ ಕಡೆ ಇಲ್ಲ. ದೋಷವಿರುವುದು ಕೊನೆಯ ಅಧ್ಯಾಯದಲ್ಲಿ. ಆಸ್ಪೆನ್ ಎಂಬ ಮಾಂತ್ರಿಕ ತೆನಾರ್‌ಳ ನಾಲಗೆಯನ್ನು ಕಟ್ಟಿ, ಅವಳನ್ನು ಪ್ರಾಣಿಯಂತೆ ತೆವಳಿಸುತ್ತಾನೆ. ಹೆಣ್ಣಿನ ಮೇಲಿನ ದ್ವೇಷದ ಹೊರತು ಅವನಿಗೆ ಬೇರೆ ಒಳಬದುಕೇ ಇಲ್ಲ. ಅಟುವಾನ್‌ನ ಕತ್ತಲೆಗೂ ಒಂದು ಘನತೆಯನ್ನು ಕೊಟ್ಟಿದ್ದ ಲೇಖಕಿಯಿಂದ ಇಂಥ ತೆಳುವಾದ ಖಳನನ್ನು ನಿರೀಕ್ಷಿಸಿರಲಿಲ್ಲ. ಸುಟ್ಟ ಮುಖದ ಆ ಮಗು ಡ್ರ್ಯಾಗನ್ನನ್ನು ಕರೆಯುತ್ತದೆ, ಡ್ರ್ಯಾಗನ್ ಬಂದು ದುಷ್ಟರನ್ನು ಭಸ್ಮ ಮಾಡುತ್ತದೆ. ಮಗುವಿನ ನಿಜನಾಮ ತೆಹಾನು ಎಂಬುದು ಆಗ ತಿಳಿಯುತ್ತದೆ. ದೃಶ್ಯ ಭವ್ಯವಾಗಿದೆ. ಆದರೆ ಇನ್ನೂರಕ್ಕೂ ಹೆಚ್ಚು ಪುಟಗಳುದ್ದಕ್ಕೂ ಕೃತಿ ಕೇಳುತ್ತ ಬಂದದ್ದು ಬೇರೆ ಪ್ರಶ್ನೆ: ಮಗುವನ್ನು ಬೆಂಕಿಗೆ ನೂಕಿದವರು ಸಂತೆಯಲ್ಲಿ ಓಡಾಡಿಕೊಂಡಿರುವ ಊರಿನಲ್ಲಿ ಆ ಮಗು ಬಾಳುವುದು ಹೇಗೆ? ಇದಕ್ಕೆ ಆಕಾಶದಿಂದ ಇಳಿದ ಬೆಂಕಿ ಉತ್ತರವಾಗುವುದಿಲ್ಲ. ಶಕ್ತಿಯಿಂದ ಎಲ್ಲವನ್ನೂ ಪರಿಹರಿಸುವ ಹಳೆಯ ವೀರಕಥೆಯನ್ನು ಬಿಟ್ಟುಬರಲು ಹೊರಟ ಕಾದಂಬರಿ, ಇಕ್ಕಟ್ಟಿನ ಗಳಿಗೆಯಲ್ಲಿ ಅದರ ನೆರವನ್ನೇ ಬೇಡಿತು.

ಬೇಸರಗೊಂಡ ಓದುಗರ ವಾದವನ್ನು ತಳ್ಳಿಹಾಕಿದರೂ ಅವರ ನೋವನ್ನು ತಳ್ಳಿಹಾಕಲಾಗದು. 1972ರಲ್ಲಿ ಹನ್ನೆರಡು ವರ್ಷದವರಾಗಿದ್ದವರಿಗೆ 1990ರಲ್ಲಿ ಮೂವತ್ತು. ಬಾಲ್ಯದ ಒಂದು ಕೋಣೆಯನ್ನು ಅವರು ಇದ್ದಂತೆಯೇ ಕಾಪಾಡಿಕೊಂಡು ಬಂದಿದ್ದರು. ಆ ಕೋಣೆಯಲ್ಲಿ ಹುಡುಗಿಯರು ಯಾಕಿರಲಿಲ್ಲ, ಕಸ ಗುಡಿಸಿದವರು ಯಾರು, ಮಾಂತ್ರಿಕರೆಲ್ಲ ಬ್ರಹ್ಮಚಾರಿಗಳಾಗಿದ್ದದ್ದು ಏಕೆ ಎಂದು ಆ ಕೋಣೆಯನ್ನು ಕಟ್ಟಿದವರೇ ಬಂದು ಕೇಳಿದರು. ಒಮ್ಮೆ ಕೇಳಿದ ಪ್ರಶ್ನೆಯನ್ನು ಕೇಳದಂತೆ ಮಾಡಲಾಗುವುದಿಲ್ಲ. ‘ತೆಹಾನು’ ಓದಿದ ಮೇಲೆ ಮೊದಲ ಪುಸ್ತಕಕ್ಕೆ ಮರಳಿದವರಿಗೆ ಹೆಂಗಸರ ಮಾಟದ ಕುರಿತಾದ ಆ ಗಾದೆ ಮೊದಲಿನಂತೆ ಸಲೀಸಾಗಿ ಕಣ್ಣಿಂದ ಜಾರಿಹೋಗುವುದಿಲ್ಲ. ಅಲ್ಲಿ ಏನನ್ನೋ ಕಳೆದುಕೊಂಡೆವೆಂದು ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಅದೇ ಪುಟಗಳನ್ನು ಹುಡುಗಿಯಾಗಿ ಓದಿದವರಿಗೆ ಆ ಕೋಣೆಯಲ್ಲಿ ಮೊದಲಿನಿಂದಲೂ ಕುಳಿತುಕೊಳ್ಳಲು ಜಾಗವಿರಲಿಲ್ಲವೆಂಬುದೂ ಅಷ್ಟೇ ನಿಜ. ನಾಲ್ಕನೆಯ ಪುಸ್ತಕವನ್ನು ಕೃತಜ್ಞತೆಯಿಂದ ಬರಮಾಡಿಕೊಂಡವರಲ್ಲಿ ಅಂಥವರು ಬಹಳ.

ಲೆ ಗ್ವಿನ್ ‘ತೆಹಾನು’ವಿಗೆ ಅರ್ಥ್‌ಸೀಯ ಕೊನೆಯ ಪುಸ್ತಕ ಎಂಬ ಉಪಶೀರ್ಷಿಕೆಯನ್ನು ಕೊಟ್ಟಿದ್ದರು. ಅದೂ ನಿಲ್ಲಲಿಲ್ಲ. 2001ರಲ್ಲಿ ‘ಟೇಲ್ಸ್ ಫ್ರಮ್ ಅರ್ಥ್‌ಸೀ’ ಕಥಾಸಂಕಲನವೂ ‘ದಿ ಅದರ್ ವಿಂಡ್’ ಕಾದಂಬರಿಯೂ ಬಂದವು. ಸಂಕಲನದ ಮುನ್ನುಡಿಯಲ್ಲಿ ಅವರು ಆ ಉಪಶೀರ್ಷಿಕೆಗಾಗಿ ತಮ್ಮನ್ನು ತಾವೇ ಹಾಸ್ಯ ಮಾಡಿಕೊಂಡಿದ್ದಾರೆ. ಅದರ ಮೊದಲ ಕಥೆಯಲ್ಲಿ ರೋಕ್ ಗುರುಕುಲವನ್ನು ಕಟ್ಟಿದವರಲ್ಲಿ ಹೆಂಗಸರೂ ಇದ್ದರೆಂಬ ಸಂಗತಿ ಹೊರಬರುತ್ತದೆ. ಅವರನ್ನು ಹೊರಗಿಟ್ಟದ್ದು ನಂತರದ ಕಾಲದವರು. ಗೆಡ್‌ನ ಪತನಕ್ಕೆ ಸಿಟ್ಟಾದವರು ಈ ತಿದ್ದುಪಡಿಗೆ ಅಷ್ಟಾಗಿ ಸಿಟ್ಟಾಗಲಿಲ್ಲ. ಇತಿಹಾಸವನ್ನು ಬದಲಿಸಿದರೆ ಸಹಿಸಿಕೊಳ್ಳುವ ಓದುಗರು ನಾಯಕನ ಕೈಗೆ ದನಗಾಹಿಯ ಕೋಲು ಕೊಟ್ಟರೆ ಸಹಿಸುವುದಿಲ್ಲವೆಂಬುದು ವಿಚಾರಾರ್ಹ.

ಲೆ ಗ್ವಿನ್ 2018ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಚಾರ್ಲ್ಸ್ ವೆಸ್ ಅವರ ಚಿತ್ರಗಳೊಂದಿಗೆ ಅರ್ಥ್‌ಸೀಯ ಆರೂ ಪುಸ್ತಕಗಳು ಒಂದೇ ಸಂಪುಟವಾಗಿ ಹೊರಬಂದವು. ಆ ದಪ್ಪ ಸಂಪುಟದಲ್ಲಿ ‘ದಿ ಫಾರ್ದೆಸ್ಟ್ ಶೋರ್’ ಮುಗಿದ ಬೆನ್ನಲ್ಲೇ ‘ತೆಹಾನು’ ಆರಂಭವಾಗುತ್ತದೆ. ಇಂದು ಹೊಸದಾಗಿ ಓದುವ ಹುಡುಗ ಹುಡುಗಿಯರಿಗೆ ನಡುವಿನ ಹದಿನೆಂಟು ವರ್ಷಗಳ ಅರಿವಿಲ್ಲ. ಅವರು ಪುಟ ತಿರುಗಿಸುತ್ತಾರೆ. ಅಲ್ಲಿ ಒಬ್ಬ ರೈತನ ಹೆಂಡತಿ ವಿಧವೆಯಾಗಿದ್ದಾಳೆ, ನೆರೆಯವಳೊಬ್ಬಳು ಸುಟ್ಟ ಮಗುವಿನ ಸುದ್ದಿ ತಂದಿದ್ದಾಳೆ.